ಹಾನ್ರಟ್ಟಿಯ ಕಲ್ಲಿಗೆ ಅಕ್ಕಿಹಿಟ್ಟು

ಮೂರು ದಿನ ಊನಾ ಇಂಗ್ಲಿಷರ ಗೋರಿಗಳಲ್ಲೇ ಹುಡುಕಿದಳು,
ಸಂಜೆ ಗೇಟಿಗೆ ಬೀಗ ಬೀಳುವವರೆಗೆ.
ಕಲೆಕ್ಟರರು, ಕರ್ನಲರ ಹೆಂಡತಿಯರು,
ಹಲ್ಲು ಮೂಡುವ ಮೊದಲೇ ಹೋದ ಕೂಸುಗಳು.
ಅವಳ ಸಿಪಾಯಿ ಮಾತ್ರ ಎಲ್ಲೂ ಇಲ್ಲ.
ನಾಲ್ಕನೆಯ ದಿನ ಬಂದರಿನ ಕಡೆಯ ರಿಕ್ಷಾ ಹಿಡಿದು
ನಮ್ಮ ಇಗರ್ಜಿಯ ಆಫೀಸಿಗೆ ಬಂದಾಗ
ನಾನು ಮದುವೆಯ ಚೀಟಿಗಳಿಗೆ ಸೀಲು ಒತ್ತುತ್ತಿದ್ದೆ.

"ಕಥೋಲಿಕನೋ?" ಕೇಳಿದೆ.
"ಮೊನಾಹನ್ ಕಡೆಯವನು" ಅಂದಳು,
ಉತ್ತರ ಅದರಲ್ಲೇ ಇದೆ ಎಂಬಂತೆ.
ಹಾಗಾದರೆ ಅವನು ಅವರ ಮಧ್ಯೆ ಯಾಕಿರುತ್ತಾನೆ ಮಾರಾಯ್ತಿ,
ಬದುಕಿರುವಾಗ ಒಂದೇ ಬ್ಯಾರಕ್ಕು,
ಸತ್ತ ಮೇಲೆ ಬೇರೆ ಬೇರೆ ಬೇಲಿ.

ಕಬ್ಬಿಣದ ಕಪಾಟು ತೆರೆದೆ.
ಗೆದ್ದಲು ತಿಂದುಳಿದ ಪುಸ್ತಕ, ನುಸಿಗುಳಿಗೆಯ ವಾಸನೆ.
ಹಿಂದಿನ ಹಾಳೆಗಳ ಪಟ್ಟಿಯಲ್ಲಿ ಎಚ್ ಅಡಿಗೆ
ಒಂದೇ ಹೆಸರು, ಅದೂ ಹೊಡೆದು ಹಾಕಿದ್ದು.
ಅವಳ ಬೆರಳು ಅಲ್ಲೇ ನಿಂತಿತ್ತು, ತೆಗೆಯಲೇ ಇಲ್ಲ.
ಆಮೇಲೆ ಹೊಳೆಯಿತು:
ಬರೆದ ಪಾದ್ರಿ ಗೋವೆಯವರು.
ಪೋರ್ತುಗೀಸು ಕಲಿತ ಕಿವಿಗೆ ಹಕಾರ ಬೀಳುವುದಿಲ್ಲ.
ಎಷ್ಟಾದರೂ ಅದು ಬರೀ ಉಸಿರಲ್ಲವೇ.
ಎ ಅಡಿಗೆ ಹೋದೆ.

ಫೆಲಿಪ್ ಅನ್ರಾತಿ. ಫಿರಂಗಿ ದಳ. ಐರ್ಲೆಂಡಿನವನು.
ವಯಸ್ಸು ಇಪ್ಪತ್ತಮೂರು. ಜ್ವರ.
ಸಾವಿರದ ಎಂಟುನೂರ ನಲವತ್ತೇಳು,
ಆಟಿಯ ಮಳೆ ಇದ್ದಿರಬೇಕು, ಶಾಯಿ ಹರಡಿದೆ.
ಗಂಟೆ ಬಾರಿಸಿದ್ದಕ್ಕೆ ಮೂರು ಆಣೆ, ಬಾಕಿ.

"ಫೆಲಿಪ್ ಅಲ್ಲ," ಅಂದಳು, "ಫೆಲಿಮ್."
ಗೊತ್ತು. ನನ್ನಜ್ಜ ಬಾಬು, ಇಲ್ಲಿ ಬಾರ್ತೊಲೊಮೆಯು.

ಹಿಂದಿನ ಗೋಡೆಯ ಬುಡದಲ್ಲಿ, ಗೇರುಮರದ ಬೇರು ಎತ್ತಿ ಹಿಡಿದ
ಕಾರ್ಕಳದ ಕರಿಕಲ್ಲು. ಪಾಚಿ.
ಕೈಯಾಡಿಸಿದರೆ ಗುಳಿ ತಗಲುತ್ತದೆ, ಕಣ್ಣಿಗೆ ಏನೂ ಇಲ್ಲ.
ಹುಲ್ಲು ಕೊಯ್ಯುತ್ತಿದ್ದ ಅಪ್ಪಿಯಕ್ಕ ಕತ್ತಿ ಇಟ್ಟು ಬಂದಳು,
"ಏರ್ ಮಾರಾಯ್ರೇ ಉಂದು?"
ಕೇಳಿ, ಮನೆಗೆ ಹೋಗಿ, ಸೇರಕ್ಕಿಯಲ್ಲಿ ಹಿಟ್ಟು ತಂದಳು.
ರಂಗೋಲಿಗೆ ಕೂತವಳ ಹಾಗೆ ಕೂತು
ಅಂಗೈಯಲ್ಲಿ ಉಜ್ಜಿದಳು.

ಎದ್ದು ಬಂದವು ಒಂದೊಂದೇ.
ಕೆತ್ತಿದವನಿಗೆ ಇಂಗ್ಲಿಷು ಬಾರದು,
ಎನ್ ಅಕ್ಷರ ಬೆನ್ನು ತಿರುಗಿಸಿ ನಿಂತಿದೆ.
ಆದರೆ ಎಚ್ ಇದೆ. ಕಲ್ಲಿಗೆ ಕೇಳಿಸಿತ್ತು.

ಊನಾ ಅಳಲಿಲ್ಲ. ಫೋಟೋ ತೆಗೆದಳು, ಚಪ್ಪಲಿ ಕಳಚಿ ಕೂತಳು.
"ಇವನ ಹಿಂದೆ ಮುಂದೆ ಆರು ಜನ.
ಅದೇ ವರ್ಷ ಬಟಾಟೆ ನೆಲದಲ್ಲೇ ಕೊಳೆತು
ಇಡೀ ಊರಿಗೆ ಒಂದೇ ಶವಪೆಟ್ಟಿಗೆ,
ತಳಕ್ಕೆ ಕೀಲು ಇಟ್ಟದ್ದು.
ಹೊಂಡದ ಮೇಲೆ ಹಿಡಿದು ಬಿಚ್ಚಿದರೆ ಹೆಣ ಒಳಗೆ,
ಪೆಟ್ಟಿಗೆ ಪಕ್ಕದ ಮನೆಗೆ.
ಬಿಟ್ಟು ಹೋದವನೊಬ್ಬನಿಗೇ ಕಲ್ಲು ಸಿಕ್ಕಿತು."

ಅಷ್ಟರಲ್ಲಿ ಇರುವೆ ಬಂದವು.
ಮೊದಲು ಇಸವಿ, ಆಮೇಲೆ ಊರು,
ಹೆಸರಿನ ಬಾಲದಿಂದ ಬಿಳಿ ಚುಕ್ಕೆ ಹೊತ್ತು ಸಾಲಾಗಿ
ಬೇರಿನ ಸಂದಿಗೆ ಇಳಿದವು.
ಅಪ್ಪಿಯಕ್ಕ ಊದಲು ಹೋದಳು. ಬೇಡ ಅಂದಳು ಊನಾ.

"ನಿಮ್ಮ ತಾಯಿ ಇಲ್ಲೇನಾ?"
"ಇದ್ದರು" ಅಂದೆ.
ಅವಳಿಗೆ ಅರ್ಥವಾಗಲಿಲ್ಲ. ಬೇಕರಿಯ ಪಾಸ್ಕು ಮಲಗಿರುವ ಜಾಗ ತೋರಿಸಿದೆ.
ಕಲ್ಲು ಹಾಕಿಸಲಾಗದವರಿಗೆ ನಮ್ಮಲ್ಲಿ ಮಣ್ಣೂ ಬಾಡಿಗೆಗೆ.
ಕೆಲವು ವರ್ಷ. ಆಮೇಲೆ ಎಲುಬು ಬಾವಿಗೆ.
ಅಮ್ಮನದ್ದನ್ನು ಇಳಿಸಿದ ದಿನ
ಪುಸ್ತಕ ತುಂಬಿದವನು ನಾನೇ,
ಎಂದಿನ ಗುಂಡಗಿನ ಅಕ್ಷರ,
ಕೊನೆಯ ಕಾಲಮ್ಮಿನಲ್ಲಿ: ಬಾಕಿ ಇಲ್ಲ.

ಹೊರಡುವಾಗ ಊನಾ ಪರ್ಸು ತೆರೆದಳು,
ಆ ಮೂರು ಆಣೆ ಈಗ ಎಷ್ಟಾಗುತ್ತದೆ?
ಲೆಕ್ಕಕ್ಕೆ ಕೂತವನು ಪೆನ್ನು ಮುಚ್ಚಿದೆ.
ಇರಲಿ ಬಿಡಿ, ಇರಲಿ.

ರಿಕ್ಷಾ ತಿರುವು ದಾಟಿದ ಮೇಲೆ
ಮತ್ತೆ ಕಪಾಟು ತೆರೆದು, ಎಚ್ ಅಡಿಯ ಖಾಲಿಯಲ್ಲಿ
ಪೆನ್ಸಿಲಿನಿಂದ, ಒತ್ತದೆ, ಬರೆದೆ:
ಹಾನ್ರಟ್ಟಿ. ನೋಡಿ, ಅನ್ರಾತಿ.